ಮಗುವಿನ ಪಕ್ಕ ಕೂರುವ ಕೆಲಸ: ಉತ್ತರ ಕನ್ನಡದಲ್ಲಿ ಕೆಲಸದ ಜೊತೆ ಓದಬೇಕೆನ್ನುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಕುಮಟಾದಲ್ಲಿ. ಶಾಲೆಯಲ್ಲಿ ಕಲಿಯಲು ಕಷ್ಟಪಡುವ ಮಕ್ಕಳ ಪಕ್ಕ ಕೂತು ಸಹಾಯ ಮಾಡುವ ಕೆಲಸ ಮಾಡುತ್ತಾ ಹನ್ನೊಂದು ವರ್ಷವಾಯಿತು. ಅದರಲ್ಲಿ ಮೂರು ವರ್ಷ ಕೆಲಸ, ಮನೆ, ಓದು ಮೂರೂ ಒಟ್ಟಿಗೆ ನಡೆದವು. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದಿಂದ, ಈ ಕೆಲಸಕ್ಕೆ ಬರಬೇಕು, ಅದಕ್ಕೆ ಓದಬೇಕು ಅಂತ ಫೋನ್ ಮಾಡಿ ಕೇಳುವವರ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ. ಅವನ್ನೆಲ್ಲ ಇಲ್ಲಿ ಬರೆದಿದ್ದೇನೆ.

ಈ ಕೆಲಸ ಅಂದ್ರೆ ಏನು? ಟ್ಯೂಷನ್ ಹೇಳಿದ ಹಾಗೇನಾ?

ಅಲ್ಲ. ಟ್ಯೂಷನ್‌ನಲ್ಲಿ ಪಾಠ ನಿಮ್ಮದು. ಇಲ್ಲಿ ಪಾಠ ತರಗತಿಯ ಅಕ್ಕೋರದ್ದೋ ಮಾಸ್ತರದ್ದೋ ಆಗಿರುತ್ತದೆ. ಆ ಪಾಠ ಒಂದು ಮಗುವಿಗೆ ಎಲ್ಲಿ ತಡೆಯುತ್ತಿದೆ ಅಂತ ನೋಡಿ, ಆ ತಡೆ ತೆಗೆಯುವುದು ನಿಮ್ಮ ಕೆಲಸ.

ಒಂದು ಉದಾಹರಣೆ ಹೇಳುತ್ತೇನೆ. ನಾನು ಶುರು ಮಾಡಿದ ವರ್ಷ ಮೂರನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹಲಗೆ ಮೇಲೆ ಐದು ಸಾಲು ಬರೆದಿರುತ್ತಿತ್ತು. ಅವನು ತಲೆ ಎತ್ತಿ ನೋಡುತ್ತಿದ್ದ, ತಗ್ಗಿಸಿ ಒಂದಕ್ಷರ ಬರೆಯುತ್ತಿದ್ದ, ಮತ್ತೆ ತಲೆ ಎತ್ತುವಷ್ಟರಲ್ಲಿ ಯಾವ ಸಾಲು ಅನ್ನೋದೇ ತಪ್ಪಿ ಹೋಗುತ್ತಿತ್ತು. ನಾನು ಪಕ್ಕ ಕೂತು ಒಂದೊಂದೇ ಪದ ಹೇಳತೊಡಗಿದೆ. ಅವನು ಬರೆದ. ಪುಸ್ತಕ ತುಂಬಿತು. ಅವನ ಅಮ್ಮನಿಗೆ ಖುಷಿ, ನನಗೂ ಖುಷಿ. ಒಂದು ತಿಂಗಳಾದ ಮೇಲೆ ತರಗತಿಯ ಅಕ್ಕೋರು ಹೇಳಿದರು: "ನೀವು ಬಾರದ ದಿನ ಅವ ಪೆನ್ಸಿಲೇ ತೆಗೆಯೂದಿಲ್ಲ ನೋಡಿ."

ಆ ಮಾತು ಈಗಲೂ ಕಿವಿಯಲ್ಲಿದೆ. ನಾನು ಅವನಿಗೆ ಬರೆಯಲು ಕಲಿಸಿರಲಿಲ್ಲ, ನನಗಾಗಿ ಕಾಯಲು ಕಲಿಸಿದ್ದೆ. ಆಮೇಲೆ ಆ ಐದು ಸಾಲನ್ನು ಚೀಟಿಯಲ್ಲಿ ಬರೆದು ಅವನ ಡೆಸ್ಕಿಗೆ ಅಂಟಿಸಿದೆ. ಸಾಲಿನ ಕೆಳಗೆ ಹಿಡಿಯಲು ಒಂದು ಸ್ಕೇಲ್ ಕೊಟ್ಟೆ. ಎರಡು ವಾರದ ಮೇಲೆ ಚೀಟಿಯಲ್ಲಿ ಮೂರೇ ಸಾಲು ಇಟ್ಟೆ, ಉಳಿದೆರಡು ಹಲಗೆ ನೋಡಿ ಬರೆಯಲಿ ಅಂತ. ಚೌತಿ ಬರುವಷ್ಟರಲ್ಲಿ ಚೀಟಿ ಹೋಗಿ ಸ್ಕೇಲ್ ಮಾತ್ರ ಉಳಿದಿತ್ತು. ನಾನು ಹಿಂದಿನ ಬೆಂಚಿಗೆ ಸರಿದಿದ್ದೆ.

ಕೈ ಕೊಡುವುದು ಎಲ್ಲರಿಗೂ ಬರುತ್ತದೆ. ಕೊಟ್ಟ ಕೈಯನ್ನು ಸರಿಯಾದ ಹೊತ್ತಿಗೆ ಹಿಂದೆ ತೆಗೆಯುವುದನ್ನು ಮಾತ್ರ ಕಲಿಯಲೇಬೇಕು. ಓದಬೇಕು ಅನ್ನೋದು ಇದಕ್ಕೇ. ಮುಂದಿನ ಉತ್ತರಗಳನ್ನೂ ಈ ಮಾತನ್ನು ತಲೆಯಲ್ಲಿ ಇಟ್ಟುಕೊಂಡೇ ಬರೆದಿದ್ದೇನೆ.

ಸರ್ಕಾರಿ ಶಾಲೆಯಲ್ಲಿ ಇಂಥ ಹುದ್ದೆ ಇದೆಯಾ?

"ತರಗತಿ ಸಹಾಯಕಿ" ಅನ್ನುವ ಹೆಸರಿನ ಹುದ್ದೆ ನಮ್ಮಲ್ಲಿ ಇಲ್ಲ. ಸಮಗ್ರ ಶಿಕ್ಷಣ ಯೋಜನೆಯ ಸಮನ್ವಯ ಶಿಕ್ಷಣ ವಿಭಾಗದಲ್ಲಿ, ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳನ್ನು ಎಲ್ಲರ ಜೊತೆಗೇ ಕಲಿಸುವ ವಿಭಾಗದಲ್ಲಿ, ಬ್ಲಾಕ್ ಮಟ್ಟಕ್ಕೆ ಬಿ.ಐ.ಇ.ಆರ್.ಟಿ. ಅನ್ನುವ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಅವರು ಒಂದೇ ಶಾಲೆಯಲ್ಲಿ ಕೂರುವವರಲ್ಲ, ಊರೂರು ತಿರುಗುವವರು. ಶಾಲೆಗೆ ಬರಲಾಗದ ಮಕ್ಕಳ ಮನೆಗೂ ಹೋಗುತ್ತಾರೆ.

ವಿಶೇಷ ಶಿಕ್ಷಕರ ಹುದ್ದೆಯ ಬಗ್ಗೆ ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ದೊಡ್ಡ ತೀರ್ಪು ಕೊಟ್ಟಿತು. ಆಮೇಲೆ 2022ರಲ್ಲಿ ಕೇಂದ್ರ ಸರ್ಕಾರ ಲೆಕ್ಕ ಗೊತ್ತುಮಾಡಿತು. 1ರಿಂದ 5ನೇ ತರಗತಿಯವರೆಗೆ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ ಒಬ್ಬರು, 6ರಿಂದ 8ರವರೆಗೆ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಬೇಕು. ನಮ್ಮ ಜಿಲ್ಲೆಯ ಚಿಕ್ಕ ಚಿಕ್ಕ ಶಾಲೆಗಳನ್ನು ನೆನೆಸಿಕೊಳ್ಳಿ. ಇಡೀ ಶಾಲೆಗೆ ಇಪ್ಪತ್ತು ಮಕ್ಕಳು, ಅದರಲ್ಲಿ ಒಂದೋ ಎರಡೋ ಇಂಥ ಮಗು. ಆ ಲೆಕ್ಕ ನಮ್ಮ ಕಾಡಿನೂರುಗಳಿಗೆ ಹೇಗೆ ಹೊಂದುತ್ತದೆ ಅನ್ನೋದೇ ನನ್ನ ಚಿಂತೆ.

ಖಾಸಗಿ ಶಾಲೆಗಳಲ್ಲಿ, ವಿಶೇಷ ಶಾಲೆಗಳಲ್ಲಿ ಸಹಾಯಕಿಯರನ್ನು ಇಟ್ಟುಕೊಳ್ಳುತ್ತಾರೆ. ಕೆಲವು ಕಡೆ ಪಾಲಕರೇ ತಮ್ಮ ಮಗುವಿಗೆ ಅಂತ ಒಬ್ಬರನ್ನು ನೇಮಿಸಿಕೊಳ್ಳುತ್ತಾರೆ. ಅವರನ್ನೇ ಈಗ ಶ್ಯಾಡೋ ಟೀಚರ್ ಅನ್ನುವುದು.

ಹಾಗಾದ್ರೆ ಯಾವ ಕೋರ್ಸ್ ಮಾಡಬೇಕು?

ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ತರಗತಿಯಲ್ಲಿ ಸಹಾಯ ಮಾಡಬೇಕಾ, ವಿಶೇಷ ಶಿಕ್ಷಕಿ ಆಗಬೇಕಾ? ಎರಡೂ ಬೇರೆ ಬೇರೆ ದಾರಿ. ಇದನ್ನು ತೀರ್ಮಾನ ಮಾಡದೆ ದುಡ್ಡು ಕಟ್ಟಬೇಡಿ.

ವಿಶೇಷ ಶಿಕ್ಷಕಿ ಆಗಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಎಲ್ಲರೂ ಆರ್‌ಸಿಐ ಅನ್ನುವ ಸಂಸ್ಥೆ, ಒಪ್ಪಿದ ಕೋರ್ಸ್ ಆಗಲೇಬೇಕು. ಪಿಯುಸಿ ಆದವರಿಗೆ ವಿಶೇಷ ಶಿಕ್ಷಣದ ಡಿ.ಇಡಿ. ಇದೆ, ಡಿಗ್ರಿ ಆದವರಿಗೆ ವಿಶೇಷ ಶಿಕ್ಷಣದ ಬಿ.ಇಡಿ. ಎರಡೂ 2 ವರ್ಷದ್ದು. ಸೇರುವಾಗಲೇ ವಿಭಾಗ ಆರಿಸಿಕೊಳ್ಳಬೇಕು: ಶ್ರವಣದೋಷ, ದೃಷ್ಟಿದೋಷ, ಬೌದ್ಧಿಕ ಮತ್ತು ಬೆಳವಣಿಗೆಯ ನ್ಯೂನತೆ, ಹೀಗೆ.

ನೇರವಾಗಿ ಹೇಳುತ್ತೇನೆ, ಡಿ.ಇಡಿ.ಯನ್ನು ಸಂಜೆ ಹೊತ್ತು ಓದಿ ಮುಗಿಸಲು ಆಗುವುದಿಲ್ಲ. ಹಾಜರಿ ಇರುತ್ತದೆ. ಮಕ್ಕಳ ಜೊತೆ ದಿನಗಟ್ಟಲೆ ಅಭ್ಯಾಸ ಇರುತ್ತದೆ. ವಿಶೇಷ ಶಿಕ್ಷಣದ ಬಿ.ಇಡಿ.ಯನ್ನು ದೂರಶಿಕ್ಷಣದಲ್ಲಿ ನಡೆಸುವ ಮುಕ್ತ ವಿಶ್ವವಿದ್ಯಾಲಯಗಳಿವೆ. ಅಲ್ಲಿಯೂ ಸಂಪರ್ಕ ತರಗತಿ, ಶಾಲಾ ಅಭ್ಯಾಸ ತಪ್ಪಿದ್ದಲ್ಲ. ನೀವು ಸೇರುವ ವರ್ಷಕ್ಕೆ, ನೀವು ಆರಿಸಿದ ವಿಭಾಗಕ್ಕೆ, ನೀವು ಹೋಗುವ ಕೇಂದ್ರಕ್ಕೆ ಮಾನ್ಯತೆ ಇದೆಯಾ ಅಂತ ಆರ್‌ಸಿಐ ವೆಬ್‌ಸೈಟಿನಲ್ಲೇ ನೋಡಿ. ಕೇಂದ್ರದವರ ಬಾಯಿಮಾತು ಸಾಲದು. ಸಾಮಾನ್ಯ ಬಿ.ಇಡಿ.ಯನ್ನು ದೂರಶಿಕ್ಷಣದಲ್ಲಿ ಮಾಡುವುದು ಬೇರೆ ವಿಷಯ. ಇಗ್ನೋದಲ್ಲಿ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ, ಅದು ಈಗಾಗಲೇ ತರಬೇತಾದ, ಕೆಲಸದಲ್ಲಿರುವ ಶಿಕ್ಷಕರಂಥವರಿಗೆ ಮಾತ್ರ.

ಆರ್‌ಸಿಐದೇ ಚಿಕ್ಕ ಕೋರ್ಸ್ ಒಂದಿದೆ, ಸಿಬಿಐಡಿ ಅಂತ. ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದ ಜೊತೆ ಸೇರಿ ರೂಪಿಸಿ 2021ರಲ್ಲಿ ಶುರು ಮಾಡಿದ್ದು, 6 ತಿಂಗಳದ್ದು. ತರಗತಿಗಿಂತ ಊರಿನಲ್ಲಿ, ಮನೆಗಳಲ್ಲಿ ಅಂಗವಿಕಲರ ಜೊತೆ ಕೆಲಸ ಮಾಡುವವರಿಗೆ ಹೆಚ್ಚು ಹೊಂದುತ್ತದೆ. ಆಶಾ ಅಥವಾ ಅಂಗನವಾಡಿ ಅನುಭವ ಇದ್ದವರು ಇದನ್ನು ಗಮನಿಸಿ.

ನಿಜವಾಗಿ ಕೆಲಸದ ಜೊತೆ ಓದಬಹುದಾದದ್ದು ಅಂದರೆ ಇಗ್ನೋದ ಬಾಲ್ಯಪೂರ್ವ ಆರೈಕೆ ಮತ್ತು ಶಿಕ್ಷಣದ ಡಿಪ್ಲೊಮಾ. ಡಿ.ಇ.ಸಿ.ಇ. ಅಂತ ಕರೆಯುತ್ತಾರೆ. ಪಿಯುಸಿ ಆಗಿದ್ದರೆ ಸಾಕು. ಆರು ವರ್ಷದೊಳಗಿನ ಮಕ್ಕಳ ಬೆಳವಣಿಗೆ, ಆರೋಗ್ಯ, ಆಟ, ಕಲಿಕೆ ಇದರಲ್ಲಿ ಬರುತ್ತವೆ, ಕೊನೆಗೆ ಪ್ರಾಜೆಕ್ಟ್ ಇರುತ್ತದೆ. ಇದರಿಂದ ವಿಶೇಷ ಶಿಕ್ಷಕಿ ಆಗಲಾರಿರಿ. ಆದರೆ ಮಗುವನ್ನು ನೋಡುವ ಕಣ್ಣು ಇದರಿಂದ ಬರುತ್ತದೆ. ಕೆಲಸ ಬಿಡಲಾಗದವರಿಗೆ ನಾನು ಹೇಳುವ ಕ್ರಮ ಇದು: ಮೊದಲು ಈ ಡಿಪ್ಲೊಮಾ, ಜೊತೆಗೆ ಹತ್ತಿರದ ಶಾಲೆಯಲ್ಲಿ ವಾರಕ್ಕೆರಡು ದಿನ. ಈ ಕೆಲಸ ಮನಸ್ಸಿಗೆ ಹಿಡಿಯಿತು ಅನ್ನಿಸಿದರೆ ಆಮೇಲೆ ಎರಡು ವರ್ಷ ಬಿಡುವು ಮಾಡಿಕೊಂಡು ಆರ್‌ಸಿಐ ಕೋರ್ಸ್.

ಆರ್‌ಸಿಐ ನಂಬರ್ ಅಷ್ಟು ಮುಖ್ಯನಾ?

ಹೌದು. 1992ರ ಆರ್‌ಸಿಐ ಕಾಯ್ದೆಯ ಪ್ರಕಾರ ಕೇಂದ್ರ ಪುನರ್ವಸತಿ ದಾಖಲೆಯಲ್ಲಿ (ಅಲ್ಲಿ ಹೆಸರು ನೋಂದಾಯಿಸಿದಾಗ ಸಿಗುವುದೇ ಈ ನಂಬರ್) ಹೆಸರಿಲ್ಲದವರು ವಿಶೇಷ ಶಿಕ್ಷಕರಾಗಿ ವೃತ್ತಿ ಮಾಡುವಂತಿಲ್ಲ. ಮಾಡಿದರೆ 1 ವರ್ಷದವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನೋಂದಣಿ ಆದವರೂ ಆಗಾಗ ತರಬೇತಿ ಮಾಡಿ ಅಂಕ ಕೂಡಿಸಿಕೊಂಡು ಅದನ್ನು ನವೀಕರಿಸಬೇಕು. ತರಗತಿಯಲ್ಲಿ ಸಹಾಯಕಿಯಾಗಿ ಇರಲು ಈ ನಂಬರ್ ಬೇಡ. ಆದರೆ ಆಗ ನಿಮ್ಮನ್ನು ವಿಶೇಷ ಶಿಕ್ಷಕಿ ಅಂತ ಕರೆದುಕೊಳ್ಳಬೇಡಿ, ಕರೆಯಲೂ ಬಿಡಬೇಡಿ.

ಮೊಬೈಲ್‌ನಲ್ಲಿ ಜಾಹೀರಾತು ಬಂದಿದೆ. ಮೂರು ತಿಂಗಳಿಗೆ ಶ್ಯಾಡೋ ಟೀಚರ್ ಸರ್ಟಿಫಿಕೇಟ್ ಅಂತೆ. ಸೇರಲಾ?

ನಾನು ಸೇರಿದ್ದೆ. ಅದು ಮೊದಲ ವರ್ಷದ ಕಥೆ. ಫೋನಿನಲ್ಲಿ ಮಾತಾಡಿದವರು ತುಂಬಾ ಚೆನ್ನಾಗಿ ಮಾತಾಡಿದರು, "ಇದು ಎಲ್ಲಾ ಕಡೆ ನಡೆಯುತ್ತೆ ಮೇಡಂ" ಅಂದರು. ಎರಡು ಕಂತಲ್ಲಿ ದುಡ್ಡು ಕಟ್ಟಿದೆ. ರೆಕಾರ್ಡ್ ಮಾಡಿದ ವಿಡಿಯೋ, ಕೊನೆಗೆ ಸರಿ ಉತ್ತರಕ್ಕೆ ಗುರುತು ಹಾಕುವ ಪರೀಕ್ಷೆ. ಒಂದೇ ಒಂದು ಮಗುವಿನ ಮುಖ ನೋಡದೆ ಕೋರ್ಸ್ ಮುಗಿಯಿತು. ಸರ್ಟಿಫಿಕೇಟ್ ಹಿಡಿದು ಹೋದಾಗ ಅದಕ್ಕೆ ಯಾವ ಮಾನ್ಯತೆಯೂ ಇಲ್ಲ ಅಂತ ತಿಳಿಯಿತು. ಆ ದುಡ್ಡು ನನ್ನ ಅಮ್ಮ ಚೀಟಿ ಎತ್ತಿ ಕೊಟ್ಟದ್ದು. ಈಗಲೂ ಹೊಟ್ಟೆ ಉರಿಯುತ್ತದೆ.

ಎಲ್ಲಾ ಆನ್‌ಲೈನ್ ಕೋರ್ಸೂ ಮೋಸ ಅನ್ನಲಾರೆ. ಕೆಲವು ಸಂಸ್ಥೆಗಳ ಚಿಕ್ಕ ತರಬೇತಿ ಚೆನ್ನಾಗಿರುತ್ತದೆ. ಸೇರುವ ಮೊದಲು ಮೂರು ಮಾತು ಕೇಳಿ. ಮಕ್ಕಳ ಜೊತೆ ಅಭ್ಯಾಸ ಎಷ್ಟು ದಿನ? ನಾನು ಕೆಲಸ ಮಾಡುವಾಗ ನೋಡಿ ತಪ್ಪು ಹೇಳುವವರು ಯಾರು? ಇದಕ್ಕೆ ಆರ್‌ಸಿಐ ಅಥವಾ ಯುಜಿಸಿ ಮಾನ್ಯತೆ ಇದೆ ಅಂತ ಬರೆದು ಕೊಡುತ್ತೀರಾ? ಮೂರನೆಯ ಪ್ರಶ್ನೆಗೆ ಮಾತು ತಿರುಗಿಸಿದರೆ ಫೋನ್ ಇಟ್ಟುಬಿಡಿ.

ವಾರಕ್ಕೆ ಎಷ್ಟು ಹೊತ್ತು ಓದಬೇಕು? ನನಗೆ ಮನೆ, ಮಕ್ಕಳು, ಅತ್ತೆ ಎಲ್ಲಾ ಇದ್ದಾರೆ.

ಲೆಕ್ಕ ಹಾಕೋಣ. ಇಗ್ನೋ ಲೆಕ್ಕದಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆ ಓದು. ಆ ಡಿಪ್ಲೊಮಾ 32 ಕ್ರೆಡಿಟ್. ಒಟ್ಟು 960 ಗಂಟೆ. ಒಂದೇ ವರ್ಷದಲ್ಲಿ ಮುಗಿಸಬೇಕಾದರೆ ವಾರಕ್ಕೆ ಹದಿನೆಂಟು ಗಂಟೆಗಿಂತ ಜಾಸ್ತಿ ಆಯಿತು. ಹೊರಗೆ ದುಡಿಯುವ ಹೆಂಗಸಿಗೆ ಇದು ಆಗದ ಮಾತು. ಎರಡು ವರ್ಷಕ್ಕೆ ಹಂಚಿದರೆ ವಾರಕ್ಕೆ ಒಂಬತ್ತು ಚಿಲ್ಲರೆ ಗಂಟೆ. ಇದು ಆಗುತ್ತದೆ. ನಿಧಾನಕ್ಕೆ ಓದಲು ವಿಶ್ವವಿದ್ಯಾಲಯವೇ ಅವಕಾಶ ಕೊಟ್ಟಿದೆ, ಅದನ್ನು ಬಳಸಿಕೊಳ್ಳಿ. ಒಂದೇ ವರ್ಷಕ್ಕೆ ಮುಗಿಸಬೇಕು ಅಂತ ಹಟ ಹಿಡಿದು ನಡುವೆ ಬಿಟ್ಟವರನ್ನು ನಾನು ಬಹಳ ನೋಡಿದ್ದೇನೆ.

ಹೊತ್ತು ಎಲ್ಲಿಂದ ತರೋದು? ನನಗೆ ಬೆಳಿಗ್ಗೆ ಐದರಿಂದ ಆರು ಸಿಗುತ್ತಿತ್ತು, ಮತ್ತೆ ಭಾನುವಾರ ಮಧ್ಯಾಹ್ನ. ಕಾರವಾರದ ಒಬ್ಬ ಅಕ್ಕ ಬೆಳಿಗ್ಗೆ ಮೀನು ಮಾರುಕಟ್ಟೆಗೆ ಹೋಗುವವರು. ಅವರ ಓದೆಲ್ಲ ಜೂನ್, ಜುಲೈನಲ್ಲಿ. ಆಗ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುತ್ತದಲ್ವಾ, ವ್ಯಾಪಾರ ಕಡಿಮೆ. ಆ ಎರಡು ತಿಂಗಳಲ್ಲಿ ವರ್ಷದ ಅರ್ಧ ಅಸೈನ್‌ಮೆಂಟ್ ಮುಗಿಸಿದರು.

ಮನೆಯವರಿಗೆ ಮೊದಲೇ ಹೇಳಿ. "ಸುಮ್ನೆ ಏನೋ ಓದ್ತಾಳೆ" ಅಂತ ಇದ್ದರೆ ಓದುವ ಹೊತ್ತಿಗೇ ಕೆಲಸ ಹೇಳುತ್ತಾರೆ. ಪರೀಕ್ಷೆಯ ತಾರೀಕನ್ನು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಲ್ಲಿ ಗುರುತು ಮಾಡಿ.

ಪರೀಕ್ಷೆ ಜೂನ್‌ಗೆ ಕಟ್ಟಲಾ, ಡಿಸೆಂಬರ್‌ಗೆ ಕಟ್ಟಲಾ?

ನಮ್ಮ ಜಿಲ್ಲೆಯಲ್ಲಿ ಇದು ಚಿಕ್ಕ ಪ್ರಶ್ನೆ ಅಲ್ಲವೇ ಅಲ್ಲ. ಜೂನ್ ಅಂದರೆ ಮಳೆ. ಕುಮಟಾದಿಂದ ಶಿರಸಿಗೆ ಅರವತ್ತು ಕಿಲೋಮೀಟರ್ ಆಸುಪಾಸು, ನಡುವೆ ದೇವಿಮನೆ ಘಟ್ಟ. ಮಳೆಗಾಲದಲ್ಲಿ ಘಟ್ಟ ಯಾವಾಗ ಮುಚ್ಚುತ್ತದೋ ಹೇಳಲಾಗದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳೇ ಹೋದವು, ಹೆದ್ದಾರಿ 66 ಮುಚ್ಚಿತು. ಆ ದಿನಗಳಲ್ಲಿ ಅಂಕೋಲಾದಿಂದ ಕುಮಟಾಕ್ಕೆ ಬರುವುದೇ ದೊಡ್ಡ ಪ್ರಯಾಣವಾಗಿತ್ತು.

ಅದಕ್ಕೇ ಕರಾವಳಿಯವರಿಗೆ ನಾನು ಡಿಸೆಂಬರ್ ಹೇಳುತ್ತೇನೆ. ಘಟ್ಟದ ಮೇಲಿನವರಿಗೆ ಅದೇ ಕಷ್ಟ, ಅಡಿಕೆ ಕೊಯ್ಲು, ಸುಲಿಯುವ ಕೆಲಸ ಆಗಲೇ ಬಂದು ಕೂತಿರುತ್ತದೆ. ತೋಟದ ಮನೆಯವರಾದರೆ ಜೂನ್ ನೋಡಿ, ಹಿಂದಿನ ದಿನವೇ ಪರೀಕ್ಷೆ ಊರಿಗೆ ಹೋಗಿ ನೆಂಟರ ಮನೆಯಲ್ಲಿ ಉಳಿಯಿರಿ. ಅರ್ಜಿ ತುಂಬುವಾಗ ಪರೀಕ್ಷಾ ಕೇಂದ್ರ ಯಾವ ಊರು ಅನ್ನುವುದನ್ನು ಎರಡು ಸಲ ನೋಡಿ. ಕರಾವಳಿಯಲ್ಲಿ ಕೊಂಕಣ ರೈಲು ಇರುವ ಊರಾದರೆ ಅದೇ ಒಳ್ಳೆಯದು.

ಇಗ್ನೋದಲ್ಲಿ ಸಾಮಾನ್ಯವಾಗಿ ಅಸೈನ್‌ಮೆಂಟಿಗೆ ಶೇ 30, ಪರೀಕ್ಷೆಗೆ ಶೇ 70. ಅಸೈನ್‌ಮೆಂಟ್ ಕೊಟ್ಟದ್ದಕ್ಕೆ ರಸೀದಿ ತೆಗೆದುಕೊಂಡು ಜೋಪಾನ ಮಾಡಿ.

ಅಸೈನ್‌ಮೆಂಟ್ ಬರೆದದ್ದು ಅಂಗಡಿಯಲ್ಲಿ ಸಿಗುತ್ತಂತೆ?

ಸಿಗುತ್ತದೆ. ತರಬೇಡಿ. ಇಗ್ನೋದವರು ಹಿಡಿಯುತ್ತಾರೋ ಬಿಡುತ್ತಾರೋ, ಅದು ಬೇರೆ ಮಾತು. "ನೀವು ನೋಡಿದ ಒಂದು ಮಗುವಿನ ಬಗ್ಗೆ ಬರೆಯಿರಿ" ಅಂದಾಗ ನೀವು ನಿಜವಾಗಿ ಒಂದು ಮಗುವನ್ನು ನೋಡಿ ಬರೆದರೆ ಆ ಕಲಿಕೆ ನಿಮ್ಮದು. ನಾಳೆ ಯಾರದೋ ಮಗು ನಿಮ್ಮ ಕೈಗೆ ಬರುತ್ತದೆ.

ಅಭ್ಯಾಸಕ್ಕೆ ಶಾಲೆ ಎಲ್ಲಿ ಹುಡುಕಲಿ?

ಉತ್ತರ ಕನ್ನಡದಲ್ಲಿ ಎರಡು ಶೈಕ್ಷಣಿಕ ಜಿಲ್ಲೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಒಂದು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೋಯಿಡಾ ಇನ್ನೊಂದು. ನಿಮ್ಮ ತಾಲೂಕಿನ ಬಿಆರ್‌ಸಿಗೆ, ಅಂದರೆ ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಹೋಗಿ, ಬಿ.ಐ.ಇ.ಆರ್.ಟಿ. ಶಿಕ್ಷಕರನ್ನು ಕಾಣಿ. ಯಾವ ಶಾಲೆಯಲ್ಲಿ ಯಾವ ಮಗುವಿಗೆ ಸಹಾಯ ಬೇಕು ಅನ್ನೋದು ಅವರಿಗೆ ಗೊತ್ತಿರುತ್ತದೆ. ಆಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಒಂದು ಅರ್ಜಿ, ಶಾಲೆಯ ಮುಖ್ಯ ಶಿಕ್ಷಕರಿಗೆ ಒಂದು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರಿಗೂ ವಿಷಯ ತಿಳಿಸಿ. ನಿಮ್ಮ ಆಧಾರ್ ಪ್ರತಿ, ಓದುತ್ತಿರುವ ಕೋರ್ಸಿನ ಗುರುತಿನ ಚೀಟಿ ಜೊತೆಗಿರಲಿ. ಮಕ್ಕಳಿರುವ ಜಾಗಕ್ಕೆ ಹೊರಗಿನವರು ಬರುವಾಗ ಅವರು ವಿಚಾರಿಸಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ.

ಹೋದ ಮೊದಲ ವಾರ ಏನೂ ಕಲಿಸಬೇಡಿ. ಹಿಂದೆ ಕೂತು ನೋಡಿ. ನಲಿಕಲಿ ತರಗತಿ ಆದರೆ ಇನ್ನೂ ಒಳ್ಳೆಯದು. ಅಲ್ಲಿ ಒಂದು, ಎರಡು, ಮೂರನೇ ತರಗತಿ ಮಕ್ಕಳು ಒಟ್ಟಿಗೆ, ಅವರವರ ವೇಗದಲ್ಲಿ ಕಲಿಯುತ್ತಿರುತ್ತಾರೆ.

ಮಗು ಮನೆಯಲ್ಲಿ ಕೊಂಕಣಿ ಮಾತಾಡುತ್ತೆ, ಶಾಲೆಯಲ್ಲಿ ಬಾಯೇ ಬಿಡಲ್ಲ. ಇದು ಕಲಿಕಾ ನ್ಯೂನತೆನಾ?

ಈ ಪ್ರಶ್ನೆ ನನಗೆ ತುಂಬಾ ಹತ್ತಿರದ್ದು. ನಮ್ಮ ಜಿಲ್ಲೆಯಲ್ಲಿ ಕೆಲಸ ಮಾಡುವವರು ಬೇರೆ ಏನು ಬಿಟ್ಟರೂ ಇದನ್ನು ಬಿಡಬಾರದು.

ಕಾರವಾರದ ಹತ್ತಿರದ ಒಂದು ಶಾಲೆ. ಒಂದನೇ ತರಗತಿಯ ಹುಡುಗಿ. ಮೀನಿನ ಚಿತ್ರ ತೋರಿಸಿ "ಇದೇನು ಪುಟ್ಟಿ?" ಅಂದೆ. ನನ್ನ ಮುಖ ನೋಡಿದಳು, ನೆಲ ನೋಡಿದಳು. ಮತ್ತೆ ಕೇಳಿದೆ. ಮಾತಿಲ್ಲ. ಅಷ್ಟರಲ್ಲಿ ಬಿಸಿಯೂಟದ ಅಕ್ಕ ಒಳಗೆ ಬಂದವರು ಕೊಂಕಣಿಯಲ್ಲಿ ಅದನ್ನೇ ಕೇಳಿದರು. "ನುಸ್ತೆ!" ಅಂತ ಕೂಗಿದಳು. ಕೂಗಿದ ಮೇಲೆ ಅದು ಯಾವ ಮೀನು, ಅಪ್ಪ ಹೇಗೆ ತರುತ್ತಾರೆ, ಅಮ್ಮ ಹೇಗೆ ಕೊಯ್ಯುತ್ತಾರೆ ಅಂತ ನಿಲ್ಲಿಸದೆ ಹೇಳಿದಳು. ಹಾಜರಿ ಪುಸ್ತಕದ ಹಿಂದೆ ಅವಳ ಹೆಸರಿನ ಮುಂದೆ ಪೆನ್ಸಿಲ್‌ನಲ್ಲಿ "ನಿಧಾನ" ಅಂತ ಬರೆದಿತ್ತು.

ಕರಾವಳಿಯಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಉರ್ದು. ಹಾಲಕ್ಕಿಗಳ ಕನ್ನಡ, ಹವ್ಯಕರ ಕನ್ನಡ ಪುಸ್ತಕದ ಕನ್ನಡವಲ್ಲ. ಹಳಿಯಾಳ, ಯಲ್ಲಾಪುರದ ಕಡೆ ಗೌಳಿ ಮಕ್ಕಳ ಮನೆಮಾತು ಮರಾಠಿಗೆ ಹತ್ತಿರ. ಹೀಗಿರುವಾಗ ಮೊದಲ ಪರೀಕ್ಷೆ ಮನೆಮಾತಿನಲ್ಲೇ ಆಗಬೇಕು. ಮಗು ಮನೆಮಾತಿನಲ್ಲಿ ಕಥೆ ಹೇಳುತ್ತದಾ? ಎರಡು ಮೂರು ಕೆಲಸ ಒಟ್ಟಿಗೆ ಹೇಳಿದರೆ ಮಾಡುತ್ತದಾ? ಅಂಗಡಿಗೆ ಹೋಗಿ ಸಾಮಾನು ತಪ್ಪದೆ ತರುತ್ತದಾ? ಇದೆಲ್ಲ ಮಾಡಿದರೆ ಬೇಕಾಗಿರುವುದು ಕನ್ನಡದ ಅಭ್ಯಾಸ, ಹೊತ್ತು, ಎರಡೂ ಭಾಷೆ ಬರುವ ಒಬ್ಬ ಜೊತೆಗಾರ. ಮನೆಮಾತಿನಲ್ಲೂ ತಡೆ ಇದ್ದರೆ ಮಾತ್ರ ಮುಂದಿನ ಹೆಜ್ಜೆ. ಅದರಲ್ಲೂ ಮೊದಲು ಕಿವಿ, ಕಣ್ಣು ತೋರಿಸಿ. ಸರ್ಕಾರಿ ಶಾಲೆಗೆ ಮಕ್ಕಳ ಆರೋಗ್ಯ ತಪಾಸಣೆಯ ಆರ್‌ಬಿಎಸ್‌ಕೆ ವೈದ್ಯರ ತಂಡ ಬಂದಾಗ ಆ ಮಗುವನ್ನು ಮರೆಯದೆ ಮುಂದೆ ಕಳಿಸಿ. ಕನ್ನಡಕ ಹಾಕಿದ ಮೇಲೆ "ದಡ್ಡತನ" ಹೋದ ಮಕ್ಕಳನ್ನು ನೋಡಿದ್ದೇನೆ.

ಒತ್ತಕ್ಷರ ಬರಲ್ಲ, ದೀರ್ಘ ಬಿಡ್ತಾನೆ. ಡಿಸ್ಲೆಕ್ಸಿಯಾ ಅಂತ ಪಾಲಕರಿಗೆ ಹೇಳಬಹುದಾ?

ಹೇಳಬಾರದು. ಅದನ್ನು ಹೇಳುವ ಅಧಿಕಾರ ನಮಗಿಲ್ಲ. ಕನ್ನಡದಲ್ಲಿ ಮೂಲ ಅಕ್ಷರ, ಅದರ ಮೇಲೆ ಗುಣಿತ, ಅದರ ಮೇಲೆ ಒತ್ತು. ಒಟ್ಟು ನೂರಾರು ರೂಪ. ಮೂರನೇ ತರಗತಿಯವರೆಗೂ ಒತ್ತಕ್ಷರ ತಡವರಿಸುವ ಮಕ್ಕಳು ಬಹಳ. ಓದು, ಬರಹಕ್ಕೆ ತಡೆಯಾಗುವ ಡಿಸ್ಲೆಕ್ಸಿಯಾ ಸೇರುವ ನಿರ್ದಿಷ್ಟ ಕಲಿಕಾ ನ್ಯೂನತೆಗೆ ಪ್ರಮಾಣಪತ್ರ ಕೊಡುವುದೂ 8 ವರ್ಷ ತುಂಬಿದ ಮೇಲೇ. ಕನ್ನಡದಲ್ಲೇ ಪರೀಕ್ಷೆ ಮಾಡಲು ನ್ಯಾಷನಲ್ ಬ್ರೈನ್ ರಿಸರ್ಚ್ ಸೆಂಟರ್‌ನವರು ಡಾಲಿ ಅನ್ನುವ ಸಾಧನ ಮಾಡಿದ್ದಾರೆ. ಅದನ್ನು ಬಳಸಲು ತರಬೇತಿ ಬೇಕು.

ನೀವು ಮಾಡಬಹುದಾದದ್ದು ಬರೆದಿಡುವುದು. "ಓದಲು ಬರಲ್ಲ" ಅಂತ ಬರೆದರೆ ಯಾರಿಗೂ ಉಪಯೋಗವಿಲ್ಲ. "ಅಮ್ಮ ಅನ್ನುವುದನ್ನು ಅಮ ಅಂತ ಓದಿದ. ಬೆರಳಿಟ್ಟು ಒತ್ತು ತೋರಿಸಿದರೆ ಸರಿ ಓದಿದ. ಹತ್ತರಲ್ಲಿ ಆರು ಸಲ ಹೀಗೆ." ಇಂಥ ಮೂರು ಸಾಲು ಸಾಕು, ತಜ್ಞರ ಅರ್ಧ ಕೆಲಸ ಆಯಿತು. ಜೊತೆಗೆ ಶಬ್ದದ ಆಟ ಆಡಿಸಿ. ಗಾಳಿಪಟದಲ್ಲಿ ಗಾಳಿ ತೆಗೆದರೆ ಏನು ಉಳಿಯಿತು? ನವಿಲು ಅನ್ನಲು ಎಷ್ಟು ಚಪ್ಪಾಳೆ? ಕಿವಿಗೆ ಬಿಡಿಸಿ ಕೇಳದ ಪದವನ್ನು ಕಣ್ಣು ಬಿಡಿಸಿ ಓದುವುದು ಕಷ್ಟ.

ಪಾಲಕರ ಹತ್ತಿರ ಹೇಗೆ ಮಾತಾಡಲಿ?

ಮಗುವಿಗೆ ಬರುವುದನ್ನು ಮೊದಲು ಹೇಳಿ. ಗೇಟಿನ ಹತ್ತಿರ ನಾಲ್ಕು ಜನರ ಮುಂದೆ ಹೇಳಬೇಡಿ, ಒಳಗೆ ಕೂರಿಸಿ. ಅಜ್ಜಿ ಬಂದಿದ್ದರೆ ಅಜ್ಜಿಯ ಮಾತೂ ಕೇಳಿ, ಮಗುವಿನ ಜೊತೆ ಹೆಚ್ಚು ಹೊತ್ತು ಇರುವುದು ಅವರೇ.

ಸೌಲಭ್ಯಗಳ ಬಗ್ಗೆ ಸರಿಯಾಗಿ ತಿಳಿದಿರಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ನ್ಯೂನತೆಗಳಿವೆ, ಕಲಿಕಾ ನ್ಯೂನತೆ, ಆಟಿಸಂ ಎರಡೂ ಅದರಲ್ಲಿವೆ. ನ್ಯೂನತೆ ಶೇ 40 ಅಥವಾ ಹೆಚ್ಚು ಇದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ ವೈದ್ಯಕೀಯ ತಪಾಸಣೆಗೆ ಹೋಗಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕರು ಇಂಥ ರಿಯಾಯಿತಿಗೂ ದಾಖಲೆ ಬೇಕು. ಒಂಬತ್ತನೇ ತರಗತಿಯಲ್ಲಿ ಓಡಾಡಿದರೆ ತಡವಾಯಿತು ಅಂತಲೇ ಲೆಕ್ಕ. ಜೋಯಿಡಾದ ಒಳಗಿನ ಹಳ್ಳಿಯಿಂದ ಕಾರವಾರಕ್ಕೆ ಬರುವುದು ಅಂದರೆ ಒಂದು ದಿನದ ಕೂಲಿ ಹೋದ ಹಾಗೆ, ಅದಕ್ಕೇ ಯಾವ ಕಾಗದ ಬೇಕು ಅನ್ನೋದನ್ನು ಚೀಟಿಯಲ್ಲಿ ಬರೆದು ಕೊಡಿ. ಸುಮ್ಮನೆ ಎರಡನೇ ಸಲ ಓಡಿಸಬೇಡಿ.

ಪಕ್ಕದಲ್ಲಿ ಒಬ್ಬರು ಕೂತರೆ ಮಗು ನಿಜಕ್ಕೂ ಜಾಸ್ತಿ ಕಲಿಯುತ್ತಾ?

ಸುಮ್ಮನೆ ಕೂತರೆ ಇಲ್ಲ. ಇಂಗ್ಲೆಂಡಿನಲ್ಲಿ ತರಗತಿ ಸಹಾಯಕರು ಬಹಳ ಜನ ಇದ್ದಾರೆ. ಅಲ್ಲಿ 2003ರಿಂದ ಐದಾರು ವರ್ಷ ಲಂಡನ್ನಿನ ಸಂಶೋಧಕರು ದೊಡ್ಡ ಅಧ್ಯಯನ ಮಾಡಿದರು. ಸಹಾಯಕರ ಜೊತೆ ಹೆಚ್ಚು ಹೊತ್ತು ಕಳೆದ ಮಕ್ಕಳು, ಅವರಂಥದೇ ಬೇರೆ ಮಕ್ಕಳಿಗಿಂತ ಓದಿನಲ್ಲಿ ಕಡಿಮೆ ಮುಂದೆ ಹೋಗಿದ್ದರು. ತಪ್ಪು ಸಹಾಯಕರದ್ದಲ್ಲ, ಅವರನ್ನು ಬಳಸಿದ ರೀತಿಯದ್ದು. ಶಿಕ್ಷಕರ ಜೊತೆ ಮೊದಲೇ ಮಾತಾಡಿಕೊಳ್ಳಲು ಹೊತ್ತಿರಲಿಲ್ಲ. ಮಗು ಶಿಕ್ಷಕರಿಂದ ದೂರವಾಯಿತು. ಕೆಲಸ ಮುಗಿಸುವುದೇ ಮುಖ್ಯವಾಯಿತು. ನಾನು ಮೂರನೇ ತರಗತಿಯ ಹುಡುಗನಿಗೆ ಮಾಡಿದ್ದು ಇದೇ ಅಲ್ವಾ!

ಅದಕ್ಕೇ ಒಂದು ಕ್ರಮ ಇಟ್ಟುಕೊಳ್ಳಿ. ಮೊದಲು ಕಾಯಿರಿ, ಮನಸ್ಸಿನಲ್ಲಿ ಹತ್ತು ಎಣಿಸಿ. ಆಗಲಿಲ್ಲವಾದರೆ ಕಣ್ಣಲ್ಲೋ ಬೆರಳಲ್ಲೋ ಸನ್ನೆ. ಆಮೇಲೆ ಅರ್ಧ ಮಾತು. ಆಮೇಲೆ ಮಾಡಿ ತೋರಿಸುವುದು. ಕೈ ಹಿಡಿದು ಮಾಡಿಸುವುದು ಕಟ್ಟಕಡೆಗೆ. ಹತ್ತು ಎಣಿಸುವುದು ಎಷ್ಟು ಕಷ್ಟ ಅಂತ ಮಾಡಿ ನೋಡಿದರೇ ಗೊತ್ತಾಗುವುದು. ನಾಲ್ಕಕ್ಕೇ ಬಾಯಿ ತೆರೆದುಬಿಡುತ್ತೇವೆ.

ಮತ್ತೆ ದಿನವೂ ಪಾಠ ಶುರುವಾಗುವ ಮೊದಲು ಅಕ್ಕೋರ ಹತ್ತಿರ ಐದು ನಿಮಿಷ ಕೇಳಿಕೊಳ್ಳಿ: "ಇವತ್ತು ಇವನಿಗೆ ಏನು ಬಂದರೆ ಸಾಕು?"

ತಂಗಿ ಆಸ್ಟ್ರೇಲಿಯಾದಲ್ಲಿ ಇಂಥದೇ ಕೋರ್ಸ್ ಮಾಡಿದ್ದಾಳೆ. ಅದು ಇಲ್ಲಿ ನಡೆಯುತ್ತಾ?

ಅಲ್ಲಿನ ಸರ್ಟಿಫಿಕೇಟ್ ಮೂರು ಅನ್ನುವ ಮಟ್ಟದ ಶಾಲಾ ಸಹಾಯಕರ ಕೋರ್ಸಿಗೆ ಶಾಲೆಯಲ್ಲಿ ಕನಿಷ್ಠ 100 ಗಂಟೆ ಕೆಲಸ ಕಡ್ಡಾಯ. ಒಳ್ಳೆಯ ಪದ್ಧತಿ. ಆದರೆ ಅದರಿಂದ ಇಲ್ಲಿ ಆರ್‌ಸಿಐ ನೋಂದಣಿ ತಾನಾಗಿ ಬರುವುದಿಲ್ಲ. ತಂಗಿಯ ನೋಟ್ಸ್ ಇದ್ದರೆ ತರಿಸಿಕೊಂಡು ಓದಿ.

ನನಗೆ 38 ವರ್ಷ. ಇಂಗ್ಲಿಷೂ ಅಷ್ಟಾಗಿ ಬರಲ್ಲ.

ವಯಸ್ಸು ಅಡ್ಡಿಯಲ್ಲ. ಮಕ್ಕಳನ್ನು ಬೆಳೆಸಿದವರಿಗೆ ತಾಳ್ಮೆ ಕೈಯಲ್ಲೇ ಇರುತ್ತದೆ.

ಇಂಗ್ಲಿಷ್ ಬಗ್ಗೆ ಮಾತ್ರ ಹುಷಾರು. ಪುಸ್ತಕ ಯಾವ ಭಾಷೆಯಲ್ಲಿ, ಉತ್ತರ ಯಾವ ಭಾಷೆಯಲ್ಲಿ ಬರೆಯಬಹುದು ಅಂತ ಕೇಳಿಯೇ ಸೇರಿ. ನಾನು ಒಂದು ಪುಟಕ್ಕೆ ಒಂದು ಗಂಟೆ ತೆಗೆದುಕೊಂಡ ದಿನಗಳಿವೆ. ಹೊಸ ಪದಕ್ಕೆ ಪಕ್ಕದಲ್ಲಿ ಕನ್ನಡದಲ್ಲಿ ಅರ್ಥ ಬರೆದುಕೊಂಡೆ, ನಿಘಂಟಿನ ಅರ್ಥವನ್ನಲ್ಲ, ನನ್ನ ಶಾಲೆಯ ಒಂದು ಮಗುವಿನ ಉದಾಹರಣೆಯನ್ನು. ಮೂರು ತಿಂಗಳಲ್ಲಿ ಅದೇ ಪದಗಳು ತಿರುಗಿ ತಿರುಗಿ ಬರುವುದು ಗೊತ್ತಾಯಿತು.

ಗಂಡಸರು ಈ ಕೆಲಸಕ್ಕೆ ಬರಬಹುದಾ?

ಬರಲೇಬೇಕು. ದೊಡ್ಡ ಹುಡುಗರಿಗೆ ಶೌಚಾಲಯದಲ್ಲಿ ಸಹಾಯ ಬೇಕಾದಾಗ ಯಾರೂ ಇಲ್ಲದೆ ಆ ಹುಡುಗರು ಶಾಲೆಯನ್ನೇ ಬಿಡುತ್ತಾರೆ.

ಸಂಬಳ?

ಸಹಾಯಕಿಗೆ ಕಡಿಮೆ. ಎಷ್ಟು ಅನ್ನೋದು ಶಾಲೆಯಿಂದ ಶಾಲೆಗೆ, ಮನೆಯಿಂದ ಮನೆಗೆ ಬೇರೆ. ಬಾಯಿಮಾತಿಗೆ ಒಪ್ಪಬೇಡಿ. ದಿನ, ಗಂಟೆ, ರಜೆ, ಮಳೆ ರಜೆಯ ಸಂಬಳ ಎಲ್ಲಾ ಕಾಗದದಲ್ಲಿರಲಿ. ಇದರಲ್ಲೇ ಮನೆ ನಡೆಸಬೇಕು ಅನ್ನುವವರು ಆರ್‌ಸಿಐ ದಾರಿಯನ್ನೇ ಹಿಡಿಯಿರಿ.

ಅರ್ಜಿ ಹಾಕಲು ಇನ್ನೂ ಹೊತ್ತಿದೆ. ಅಲ್ಲಿಯವರೆಗೆ ಏನು ಮಾಡಲಿ?

ಸರ್ಕಾರದ ದೀಕ್ಷಾ ಆ್ಯಪ್ ಹಾಕಿಕೊಳ್ಳಿ, ದುಡ್ಡಿಲ್ಲ. ಸಮನ್ವಯ ಶಿಕ್ಷಣದ ಬಗ್ಗೆ ಶಿಕ್ಷಕರಿಗೆ ಮಾಡಿದ ಪಾಠಗಳು ಅದರಲ್ಲಿವೆ. ಎನ್‌ಸಿಇಆರ್‌ಟಿಯವರ ಪ್ರಶಸ್ತ್ ಅನ್ನುವ ಪಟ್ಟಿಯನ್ನೂ ಓದಿ, 21 ನ್ಯೂನತೆಗಳಿಗೆ ಶಾಲೆಯಲ್ಲಿ ಏನೇನು ಗಮನಿಸಬೇಕು ಅಂತ ಅದರಲ್ಲಿದೆ.

ಮತ್ತೆ ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ಮನೆಯಲ್ಲೋ ಪಕ್ಕದ ಮನೆಯಲ್ಲೋ ಇರುವ ಒಂದು ಮಗುವನ್ನು, ಅವರ ಮನೆಯವರ ಒಪ್ಪಿಗೆ ಕೇಳಿ, ದಿನಕ್ಕೆ ಹತ್ತು ನಿಮಿಷ ನೋಡಿ ಬರೆಯಿರಿ. ಡಬ್ಬಿಯ ಮುಚ್ಚಳ ಹೇಗೆ ತೆಗೆಯಿತು, ಎಷ್ಟು ಹೆಜ್ಜೆಯಲ್ಲಿ, ಯಾವ ಹೆಜ್ಜೆಯಲ್ಲಿ ನಿಂತಿತು, ಯಾರನ್ನು ಕರೆಯಿತು. "ಹಟ ಮಾಡಿತು", "ಜಾಣ" ಇಂಥ ಪದ ಬರೆಯಬೇಡಿ, ಕಣ್ಣಿಗೆ ಕಂಡದ್ದು ಮಾತ್ರ. ಮೊದಲ ದಿನ ಎರಡು ಸಾಲು ಬರುತ್ತದೆ. ಹದಿನೈದನೇ ದಿನ ಪುಟ ತುಂಬುತ್ತದೆ. ಆ ನೋಟ್‌ಬುಕ್ ತೆಗೆದುಕೊಂಡೇ ಬಿಆರ್‌ಸಿಗೆ ಹೋಗಿ.